ಉದ್ದೇಶ: ಸುಮ್ಮನೆ

ಭದ್ರಾವತಿಯ ನಮ್ಮ ಶಾಖಾ ಗ್ರಂಥಾಲಯದ ಹಿಂಬದಿ ಕೋಣೆಗೆ
ಒಂದು ಬೀಗ, ಎರಡು ಕೀಲಿ, ಒಂದು ರಿಜಿಸ್ಟರು.
ಒಂದು ಕೀಲಿ ಕಳೆದಿದೆ. ಇನ್ನೊಂದು ನನ್ನ ಸೆರಗಿನ ತುದಿಯಲ್ಲಿ.
ರಿಜಿಸ್ಟರಿನಲ್ಲಿ ಆರು ಕಾಲಂ:
ತಾರೀಖು, ಸಂಘ, ಜನ, ಕುರ್ಚಿ, ಉದ್ದೇಶ, ಸಹಿ.

ಕುರ್ಚಿ ಇಪ್ಪತ್ತೆರಡು. ಒಂದಕ್ಕೆ ಮೂರೂಮುಕ್ಕಾಲು ಕಾಲು,
ಅದರಡಿಗೆ ಹಳೆಯ ಗೆಜೆಟ್ಟು ಮಡಿಸಿಟ್ಟಿದ್ದೇನೆ.
ಸರ್ಕಾರದ ಮಾತು ನಂಬಿ ಅಲುಗದೆ ನಿಂತದ್ದು
ನಾನು ಕಂಡಂತೆ ಅದೊಂದೇ.

ಶನಿವಾರ, ಮುಚ್ಚಿದ ಕಾಗದದ ಕಾರ್ಖಾನೆಯವರು.
ಉದ್ದೇಶ: ಬಾಕಿ ಹಣ.
ಅರ್ಜಿಗೆ ಕೂರುವ ಮೊದಲು ಅರುಳಪ್ಪನವರು
ಹಾಳೆಯನ್ನು ಎರಡು ಬೆರಳ ನಡುವೆ ಉಜ್ಜಿ
ಕಿವಿಯ ಹತ್ತಿರ ಅಲುಗಿಸುತ್ತಾರೆ,
ನಾಣ್ಯ ಚಿಮ್ಮಿಸಿ ನೋಡುವ ಸೆಟ್ಟರ ಹಾಗೆ.
"ನಮ್ಮದಲ್ಲ. ಇದಕ್ಕೆ ದನಿಯಿಲ್ಲ."
ಎದ್ದು ಹೋಗಿ ಕಪಾಟಿನಿಂದ ಹಳೆಯದೊಂದು ಪುಸ್ತಕ ತರುತ್ತಾರೆ,
ಯಾವುದೆಂದು ನೋಡುವುದಿಲ್ಲ, ಓದುವುದೂ ಇಲ್ಲ,
ಪುಟ ತಿರುವುತ್ತಾರೆ ಒಂದೊಂದೇ, ಸದ್ದಿಗಾಗಿ.
"ಎರಡನೇ ಮಿಷಿನ್ನು. ರಾತ್ರಿ ಪಾಳಿ."
ತಿಪ್ಪೋಜಿರಾಯರು ತಲೆಯಾಡಿಸುತ್ತಾರೆ.
ಬಾಕಿ ಹಣದ ಮಾತು ಮುಂದಿನ ವಾರಕ್ಕೆ.

ತಿಂಗಳ ಮೊದಲ ಭಾನುವಾರ ಕಿವಿ ಕೇಳದವರ ಕೂಟ.
ಹಾಲಿನ ಗೋಡೆಗೆ ಕೆಂಪಕ್ಷರದ ಫಲಕ: ಸುಮ್ಮನಿರಿ.
ಪಾಲಿಸುವವರು ಇವರಷ್ಟೇ ಅಂದುಕೊಂಡಿದ್ದೆ
ಒಂದು ದಿನ ಕಿಟಕಿಯಲ್ಲಿ ಇಣುಕುವ ತನಕ.
ಹದಿನಾಲ್ಕು ಜನ, ಇಪ್ಪತ್ತೆಂಟು ಕೈ,
ಒಬ್ಬರ ಮಾತಿನ ನಡುವೆ ಇನ್ನೊಬ್ಬರು ಕೈ ಹಾಕಿ,
ಮೇಜು ಗುದ್ದಿ, ನಕ್ಕು, ಮುನಿದು,
ಮೂಲೆಯಲ್ಲೊಬ್ಬಳು ಕೈ ಕಟ್ಟಿ ಕೂತಿದ್ದಳು;
ಕೈ ಕಟ್ಟುವುದೆಂದರೆ ಅಲ್ಲಿ ಮಾತು ಬಿಡುವುದು.
ಅಂಥ ಗಲಾಟೆ ವಾರ್ಡ್ ಸಭೆಯಲ್ಲೂ ಕಂಡಿಲ್ಲ ನಾನು.

ಬುಧವಾರದ್ದು ಹೇಳಬೇಕೋ ಬೇಡವೋ.
ಐದು ಜನಕ್ಕೆ ಕಡಿಮೆಯಾದರೆ ಕೋಣೆ ಕೊಡುವಂತಿಲ್ಲ, ನಿಯಮ.
ಜುಬೇದಾಬಿ ಒಬ್ಬರೇ ಬಂದಿದ್ದರು. ಹಳೇ ಸೇತುವೆಯಾಚೆ ಮನೆ,
ಒಂದೂವರೆ ಕೋಣೆಯಲ್ಲಿ ಹನ್ನೊಂದು ಜನ, ಹೊಲಿಗೆ ಯಂತ್ರ, ಟಿವಿ.
"ಯಾವ ಸಂಘ?" ಅಂದೆ.
"ನಾನೇ."
"ಉದ್ದೇಶ?"
ಬಹಳ ಹೊತ್ತು ಯೋಚಿಸಿದರು. ಬಳೆ ಹಿಂದೆ ಸರಿಸಿಕೊಂಡರು.
"ಸುಮ್ನೆ ಅಂತ ಬರಿಯಮ್ಮಾ."
ಬರೆದೆ. ಜನ: ಐದು. ಕುರ್ಚಿ: ಒಂದು.
ಹನ್ನೊಂದರಿಂದ ಒಂದರವರೆಗೆ ಕಿಟಕಿಗೆ ಬೆನ್ನು ಕೊಟ್ಟು ಕೂತರು.
ಪುಸ್ತಕವಿಲ್ಲ, ಜಪಮಣಿಯಿಲ್ಲ, ನಿದ್ದೆಯೂ ಇಲ್ಲ.
ಹೀಗೇ ಎರಡು ವರ್ಷ.

ಶಿವಮೊಗ್ಗದಿಂದ ಕಾಗದ ಬಂತು.
ಕೋಣೆಗೆ ಜನ ಸಾಲದಿದ್ದರೆ ರದ್ದಿಯ ಉಗ್ರಾಣ.
ಪರಿಶೀಲನೆ, ಬರುವ ಬುಧವಾರ.
ಬುಧವಾರವೇ.
ಶನಿವಾರ ಚಹಾ ಕೊಡುವಾಗ ಬಾಯಿತಪ್ಪಿ ಅಂದೆನೋ ಏನೋ.

ಬುಧವಾರ ಹನ್ನೊಂದಕ್ಕೆ ಇಸ್ತ್ರಿ ಅಂಗಿಯಲ್ಲಿ ನಾಲ್ವರು
ಪಾಳಿಗೆ ಬಂದ ಹಾಗೆ ಬಂದರು, ನನ್ನ ಸುಳ್ಳನ್ನು ನಿಜ ಮಾಡಲು.
ಕುರ್ಚಿ ಎಳೆದು ಕೂತರು.
ಮೂವತ್ತು ವರ್ಷ ಮಿಷಿನ್ನಿನ ಮೊರೆತದ ಮೇಲೆ ಕೂಗಿ ಮಾತಾಡಿದವರಿಗೆ
ಸುಮ್ಮನಿರುವುದು ಸುಲಭವೇ?
ಅರುಳಪ್ಪನವರ ಮೊಣಕಾಲು ಕುಣಿಯಿತು,
ಯಾರದೋ ಜೇಬಿನಲ್ಲಿ ಕಡಲೆಬೀಜ ಚಿಟಿಗುಟ್ಟಿತು.
ಸಾಹೇಬರು ಎಣಿಸಿದರು. ಐದು.
"ಏನು ಕಾರ್ಯಕ್ರಮ?"
"ಸುಮ್ನೆ," ಅಂದರು ಜುಬೇದಾಬಿ,
ಮನೆಗೆ ಬಂದವರಿಗೆ ಕೂರಿ ಅನ್ನುವ ದನಿಯಲ್ಲಿ.
ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.
ಗೆಜೆಟ್ಟಿನ ಕುರ್ಚಿಯ ಮೇಲೆ ತುಸು ಹೊತ್ತು ಕೂತೂ ನೋಡಿದರು.

ಹೋಗುವಾಗ ತಿಪ್ಪೋಜಿರಾಯರು, ರುಚಿ ಹತ್ತಿದವರ ಹಾಗೆ,
"ಮುಂದಿನ ವಾರವೂ ಬರ್ತೀವಿ."

ಎಲ್ಲರೂ ಹೋದ ಮೇಲೆ ಜುಬೇದಾಬಿ ನನ್ನ ಮೇಜಿಗೆ ಬಾಗಿ,
"ಒಳ್ಳೆಯವರೇ, ಪಾಪ. ಆದರೆ ಬಹಳ ಗದ್ದಲ.
ನನಗೆ ಗುರುವಾರ ಬರಿ."

ಬರೆಯುತ್ತಿದ್ದೇನೆ. ಕುರ್ಚಿ: ಒಂದು. ಉದ್ದೇಶ: ಅದೇ.
ಜನ ಅನ್ನುವ ಕಾಲಮ್ಮಿನ ಮೇಲೆ
ಪೆನ್ನು ನಿಂತಿದೆ.